ಕೆಲಸಕ್ಕೆ ಕರೆ, ಕುಟುಂಬಕ್ಕೆ ತಡೆ

ಬೀದರ್ ಸೀಮೆಯಲ್ಲಿ ‘ಗರೀಬ’ ಎಂದರೆ ಬಡವ. ಹುಮನಾಬಾದಿನ ಸಂತೆಯಲ್ಲಿ ‘ಗರೀಬ ಮಂದಿ ಇದ್ದೀವ್ರಿ’ ಎಂದು ಚೌಕಾಸಿಗೆ ಇಳಿಯುವವರ ಬಾಯಲ್ಲಿ ಈ ಮಾತು ಕೇಳಿಬರುತ್ತಲೇ ಇರುತ್ತದೆ. ಆದರೆ ಐದೂವರೆ ಶತಮಾನದ ಹಿಂದೆ, ಬೀದರ್ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದಾಗ, ಇದೇ ಶಬ್ದಕ್ಕೆ ಬೇರೆ ಅರ್ಥವಿತ್ತು. ಆಗ ‘ಗರೀಬ’ ಎಂದರೆ ಪರದೇಶದಿಂದ ಬಂದವನು. ಅರಬ್ಬಿ ಭಾಷೆಯಲ್ಲಿ ಆ ಪದದ ಮೂಲಾರ್ಥವೇ ಅಪರಿಚಿತ, ಹೊರಗಿನವ. ಇರಾನ್, ಇರಾಕ್, ಮಧ್ಯ ಏಷ್ಯಾಗಳಿಂದ ಉದ್ಯೋಗ ಅರಸಿ ಬಂದ ಸೈನಿಕರು, ವ್ಯಾಪಾರಿಗಳು, ವಿದ್ವಾಂಸರನ್ನು ಈ ಹೆಸರಿನಿಂದ ಕರೆಯುತ್ತಿದ್ದರು. ಅವರಲ್ಲಿ ಹಲವರು ಬಡವರೇನೂ ಆಗಿರಲಿಲ್ಲ. ಒಬ್ಬನಂತೂ ರಾಜ್ಯದ ಪ್ರಧಾನಿಯೇ ಆದ.

ಈಗ ದಾರಿ ತಿರುಗಿದೆ. ಪುಣೆ–ಹೈದರಾಬಾದ್ ಹೆದ್ದಾರಿಗೆ ಬೀದರ್–ಕಲಬುರಗಿ ರಸ್ತೆ ಕೂಡುವ ಊರು ಹುಮನಾಬಾದ್. ಇಲ್ಲಿಂದ ಪಶ್ಚಿಮಕ್ಕೆ ಹೊರಟರೆ ಬಸವಕಲ್ಯಾಣ, ಪೂರ್ವಕ್ಕೆ ಹೊರಟರೆ ಹೈದರಾಬಾದ್. ಸೌದಿ ಅರೇಬಿಯಾಕ್ಕೋ ದುಬೈಗೋ ಹೋಗುವ ತರುಣನ ಪ್ರಯಾಣ ಈ ಭಾಗದಲ್ಲಿ ಬಹುಮಟ್ಟಿಗೆ ಪೂರ್ವದ ಬಸ್ಸಿನಿಂದಲೇ ಶುರುವಾಗುತ್ತದೆ. ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ನಿಜಾಮನ ಕಾಲದ ನಂಟೂ ಅದೇ ಊರಿನದು. ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋಗುವವರು, ನರ್ಸಿಂಗ್ ಓದಿ ಬ್ರಿಟನ್ನಿನ ಕಡೆ ನೋಡುವವರು ಇತ್ತೀಚಿನ ದಶಕಗಳಲ್ಲಿ ಸೇರಿಕೊಂಡಿದ್ದಾರೆ.

ಹೊರಡುವವನಿಗೆ ಕೆಲಸದ ವೀಸಾ ಸಿಕ್ಕರೆ ಮನೆಯಲ್ಲಿ ಹಬ್ಬ. ಆದರೆ ‘ಹೆಂಡತಿ ಮಕ್ಕಳನ್ನು ಯಾವಾಗ ಕರೆದುಕೊಂಡು ಹೋಗ್ತಿ?’ ಎಂದು ಮನೆಯ ಹಿರಿಯರು ಕೇಳಿದರೆ ಉತ್ತರ ಅವನ ಕೈಯಲ್ಲಿ ಇರುವುದಿಲ್ಲ. ದುಡಿಯಲು ಕೊಡುವ ಪರವಾನಗಿ ಬೇರೆ, ಸಂಸಾರ ಹೂಡಲು ಕೊಡುವ ಪರವಾನಗಿ ಬೇರೆ. ಈ ಎರಡರ ನಡುವಿನ ಅಂತರವೇ ವಲಸೆ ಹೋದವನು ಆ ನೆಲದ ನಿವಾಸಿಯಾಗುತ್ತಾನೋ, ಬರೀ ಕೂಲಿಯಾಳಾಗಿ ಹಿಂತಿರುಗುತ್ತಾನೋ ಎಂಬುದನ್ನು ನಿರ್ಧರಿಸುತ್ತದೆ. ಒಂದು ಕಾಲಕ್ಕೆ ಪರದೇಶಿಗಳನ್ನು ಬರಮಾಡಿಕೊಂಡಿದ್ದ ಕಲ್ಯಾಣ, ಬೀದರುಗಳ ಇತಿಹಾಸವೂ ಇದನ್ನೇ ಹೇಳುತ್ತದೆ.

ಕಾಶ್ಮೀರದಿಂದ ಕಲ್ಯಾಣಕ್ಕೆ

ಹನ್ನೊಂದನೇ ಶತಮಾನದ ನಡುವೆ ಚಾಲುಕ್ಯ ದೊರೆ ಒಂದನೇ ಸೋಮೇಶ್ವರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ. ಅವನ ಮಗ ಆರನೇ ವಿಕ್ರಮಾದಿತ್ಯನ ಕಾಲಕ್ಕೆ (1076–1126) ಕಲ್ಯಾಣದ ಕೀರ್ತಿ ಹಿಮಾಲಯದವರೆಗೂ ಮುಟ್ಟಿತ್ತು. ಕಾಶ್ಮೀರದ ಕವಿ ಬಿಲ್ಹಣ ಊರು ಬಿಟ್ಟು ಮಥುರೆ, ಕನೌಜ, ಪ್ರಯಾಗ, ಕಾಶಿ, ಗುಜರಾತುಗಳನ್ನು ಸುತ್ತಿ, ಆಶ್ರಯ ಹುಡುಕುತ್ತ ಕೊನೆಗೆ ತಲುಪಿದ್ದು ಇಲ್ಲಿಗೆ. ವಿಕ್ರಮಾದಿತ್ಯ ಅವನಿಗೆ ವಿದ್ಯಾಪತಿ ಪದವಿ ಕೊಟ್ಟ. ಆನೆ, ಛತ್ರಗಳ ಮರ್ಯಾದೆಯೂ ದೊರೆಯಿತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಪರಸ್ಥಳದಲ್ಲಿ ಅತ್ಯುನ್ನತ ಹುದ್ದೆ, ಎಲ್ಲ ಸವಲತ್ತು.

ಆದರೂ ಅವನ ‘ವಿಕ್ರಮಾಂಕದೇವಚರಿತ’ದ ಕೊನೆಯ, ಹದಿನೆಂಟನೇ ಸರ್ಗವನ್ನು ನೋಡಬೇಕು. ದೊರೆಯ ಚರಿತ್ರೆ ಮುಗಿದ ಮೇಲೆ ಕವಿ ಕಾಶ್ಮೀರಕ್ಕೆ ಮರಳುತ್ತಾನೆ. ತನ್ನ ಹಳ್ಳಿ ಖೋನಮುಖ, ಅಲ್ಲಿ ಬೆಳೆಯುವ ಕೇಸರಿ ಮತ್ತು ದ್ರಾಕ್ಷಿ, ತಂದೆ, ಅಜ್ಜ, ಮುತ್ತಜ್ಜ, ಅಣ್ಣ, ತಮ್ಮ, ಹೀಗೆ ಒಬ್ಬೊಬ್ಬರನ್ನೇ ನೆನೆಯುತ್ತಾನೆ. ಮುಂದಿನ ಶತಮಾನದಲ್ಲಿ ‘ರಾಜತರಂಗಿಣಿ’ ಬರೆದ ಕಲ್ಹಣ ಇನ್ನೂ ಒಂದು ಸಂಗತಿ ಹೇಳಿದ್ದಾನೆ. ತಾಯ್ನಾಡಿನಲ್ಲಿ ಕವಿಗಳನ್ನು ಪೊರೆಯುವ ಹರ್ಷ ಎಂಬ ದೊರೆ ಪಟ್ಟಕ್ಕೆ ಬಂದದ್ದು ತಿಳಿದಾಗ, ಕರ್ಣಾಟ ದೇಶದಲ್ಲಿ ತಾನು ಪಡೆದ ವೈಭವವೆಲ್ಲ ಹುಸಿ ಎನಿಸಿತಂತೆ ಬಿಲ್ಹಣನಿಗೆ. ಸಂಬಳ, ಸನ್ಮಾನಗಳು ಊರಿನ ಕೊರತೆಯನ್ನು ತುಂಬಲಾರವು ಎಂಬುದಕ್ಕೆ ಇದು ನಮ್ಮ ನೆಲದಲ್ಲೇ ಸಿಗುವ ಹಳೆಯ ಸಾಕ್ಷ್ಯ.

ಅದೇ ಕಾಶ್ಮೀರದಿಂದ ಬಂದ ಇನ್ನೊಬ್ಬನ ಕಥೆ ಬೇರೆ. ಹನ್ನೆರಡನೇ ಶತಮಾನದ ಶರಣ ಮೋಳಿಗೆ ಮಾರಯ್ಯ ಕಾಶ್ಮೀರದ ಅರಸನಾಗಿದ್ದ, ಬಸವಣ್ಣನವರ ಕೀರ್ತಿ ಕೇಳಿ ಸಿಂಹಾಸನ ಬಿಟ್ಟು ಬಂದ ಎಂದು ಶರಣ ಪರಂಪರೆ ನಂಬುತ್ತದೆ. ಅವನು ಬಂದದ್ದು ಹೆಂಡತಿ ಮಹಾದೇವಿಯೊಂದಿಗೆ. ಕಲ್ಯಾಣದಲ್ಲಿ ಅವನ ಕಾಯಕ ಕಟ್ಟಿಗೆ ಹೊರೆ ಮಾರುವುದು. ಹುಮನಾಬಾದ್ ತಾಲ್ಲೂಕಿನ ಮೋಳಕೇರಾದ ಗವಿಯನ್ನು ಜನ ಇಂದಿಗೂ ಅವನ ಹೆಸರಿನಿಂದಲೇ ಗುರುತಿಸುತ್ತಾರೆ. ಮಹಾದೇವಿ ಗಂಡನ ಬೆನ್ನಿಗೆ ಬಂದ ‘ಅವಲಂಬಿತೆ’ಯಾಗಿ ಉಳಿಯಲಿಲ್ಲ. ಆಕೆಯೂ ವಚನಕಾರ್ತಿ. ಗಂಡನ ‘ನಿಃಕಳಂಕಮಲ್ಲಿಕಾರ್ಜುನ’ ಎಂಬ ಅಂಕಿತವನ್ನು ಒಳಗೊಂಡೇ ತನ್ನದಾದ ಅಂಕಿತವೊಂದನ್ನು ಕಟ್ಟಿಕೊಂಡವಳು. ಕೈಲಾಸ ಬಯಸಿದ ಗಂಡನಿಗೆ ಇಲ್ಲಿನ ಬದುಕೇ ಕೈಲಾಸ ಎಂದು ತಿಳಿಹೇಳಿದವಳು ಅವಳೇ ಎಂದು ಪರಂಪರೆ ನೆನೆಯುತ್ತದೆ. ಇದರಲ್ಲಿ ಇತಿಹಾಸವೆಷ್ಟು, ಐತಿಹ್ಯವೆಷ್ಟು ಎಂಬುದು ವಿದ್ವಾಂಸರ ಚರ್ಚೆ. ಆದರೆ ಕಲ್ಯಾಣದ ನೆನಪಿನಲ್ಲಿ ಈ ದಂಪತಿ ಹೊರಗಿನವರಲ್ಲ, ನಮ್ಮವರು.

ಬೀದರಿನ ಪರದೇಶಿಗಳು

ಮೂರು ಶತಮಾನಗಳ ನಂತರ ಇದೇ ಸೀಮೆಗೆ ಸಮುದ್ರ ದಾಟಿ ಜನ ಬರತೊಡಗಿದರು. ಬಹಮನಿ ಸುಲ್ತಾನ ಒಂದನೇ ಅಹಮದ್ ಶಾ (1422–1436) ರಾಜಧಾನಿಯನ್ನು ಗುಲಬರ್ಗಾದಿಂದ ಬೀದರಿಗೆ ಬದಲಾಯಿಸಿದ. ಇರಾನಿನ ಕಿರ್ಮಾನ್ ಬಳಿಯ ಮಾಹಾನ್ ಎಂಬಲ್ಲಿದ್ದ ಸೂಫಿ ಸಂತ ಶಾ ನಿಯಾಮತುಲ್ಲಾನನ್ನು ಬೀದರಿಗೆ ಆಹ್ವಾನಿಸಿದ. ವೃದ್ಧ ಸಂತ ತಾನು ಬರಲಿಲ್ಲ, ಮೊಮ್ಮಗ ನೂರುಲ್ಲಾನನ್ನು ಕಳುಹಿಸಿದ. 1431ರಲ್ಲಿ ಸಂತ ತೀರಿಕೊಂಡ ಮೇಲೆ ಮಗ ಖಲೀಲುಲ್ಲಾ ತನ್ನ ಇನ್ನಿಬ್ಬರು ಮಕ್ಕಳೊಂದಿಗೆ ಇಲ್ಲಿಗೇ ಬಂದ. ರಾಜಮನೆತನದೊಂದಿಗೆ ಮದುವೆ ಸಂಬಂಧಗಳಾದವು. ಎರಡು ತಲೆಮಾರಿನೊಳಗೆ ಅದು ಬೀದರಿನದೇ ಮನೆತನವಾಯಿತು. ಬೀದರಿನಿಂದ ಅಷ್ಟೂರಿಗೆ ಹೋಗುವ ದಾರಿಯಲ್ಲಿ ಎತ್ತರದಲ್ಲಿ ಕಾಣುವ ಎಂಟು ಮೂಲೆಯ ಚೌಖಂಡಿ ಅದೇ ಖಲೀಲುಲ್ಲಾನ ಸಮಾಧಿ.

ಮಹಮೂದ್ ಗವಾನನ ದಾರಿ ಇದಕ್ಕಿಂತ ಕಠಿಣ. ಇರಾನಿನ ಗಿಲಾನ್ ಪ್ರಾಂತದ ಈತ 1453ರಲ್ಲಿ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದಾಗ ನಲವತ್ತು ದಾಟಿದ ವ್ಯಾಪಾರಿ. ಬೀದರಿಗೆ ಬಂದು, ಸುಲ್ತಾನನ ಸೇವೆಗೆ ಸೇರಿ, ಪ್ರಧಾನಿಯ ಸ್ಥಾನಕ್ಕೇರಿದ. 1472ರಲ್ಲಿ ಅವನು ಕಟ್ಟಿಸಿದ ಮದರಸಾ, ಇಂದು ಅರ್ಧ ಕುಸಿದಿದ್ದರೂ, ನೀಲಿ ಹೊಳಪಿನ ಹೆಂಚುಗಳೊಂದಿಗೆ ಬೀದರಿನ ನಡುವೆ ನಿಂತಿದೆ. ‘ರಿಯಾಜುಲ್ ಇನ್ಶಾ’ ಎಂಬ ಅವನ ಪತ್ರಸಂಗ್ರಹದಲ್ಲಿ ರಾಜಕಾರ್ಯದ ಪತ್ರಗಳ ಜೊತೆಗೆ ಮನೆಮಂದಿಗೆ ಬರೆದವೂ ಇವೆ. ಸಾಮ್ರಾಜ್ಯ ನಡೆಸುವವನಿಗೂ ದೂರದಿಂದ ಸಂಸಾರ ನಡೆಸುವ ಕಷ್ಟ ತಪ್ಪಿರಲಿಲ್ಲ.

ಪರದೇಶಿಗಳ ಏಳಿಗೆಯನ್ನು ಇಲ್ಲಿಯ ಹಳೆಯ ಸರದಾರರು, ಅಂದರೆ ದಖ್ಖನಿಗಳು, ಸಹಿಸಲಿಲ್ಲ. ‘ನಮ್ಮ ಹುದ್ದೆಗಳನ್ನು ಹೊರಗಿನವರು ಕಸಿದರು’ ಎಂಬ ದೂರು ಅಂದೂ ಇತ್ತು. 1440ರ ದಶಕದಲ್ಲಿ ಪುಣೆ ಬಳಿಯ ಚಾಕಣದಲ್ಲಿ ಪರದೇಶಿ ಸೈನಿಕರ ಕೊಲೆ ನಡೆಯಿತು. 1481ರಲ್ಲಿ ಖೋಟಾ ಪತ್ರವೊಂದನ್ನು ತೋರಿಸಿ ಗವಾನನ ಮೇಲೆ ದ್ರೋಹದ ಆರೋಪ ಹೊರಿಸಲಾಯಿತು. ಸುಲ್ತಾನ ಮೂರನೇ ಮುಹಮ್ಮದ್ ಶಾ ಅವನ ತಲೆ ಹೊಡೆಸಿದ. ಸುಮಾರು ಮೂರು ದಶಕ ದುಡಿದರೂ ವಿರೋಧಿಗಳ ಕಣ್ಣಿಗೆ ಅವನು ‘ಗರೀಬ’ನೇ.

ಒಂಟಿಯಾಗಿ ಬಂದವರಲ್ಲಿ ಹೆಸರಾದವನು ರಷ್ಯಾದ ತ್ವೇರ್ ಊರಿನ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಕುದುರೆಯೊಂದನ್ನು ತಂದು ಮಾರಿ ಲಾಭ ಮಾಡುವ ಆಸೆಯಿಂದ ಬಂದ ಈ ವ್ಯಾಪಾರಿಯನ್ನು ಜುನ್ನರಿನ ಅಧಿಕಾರಿ ತಡೆದ. ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸಿದರೆ ಮಾತ್ರ ಹಿಂದಿರುಗಿಸುವೆ ಎಂದು ಬೆದರಿಸಿದ. ಖುರಾಸಾನಿ ಸರದಾರನೊಬ್ಬನ ಮಧ್ಯಸ್ಥಿಕೆಯಿಂದ ನಿಕಿತಿನ್ ಪಾರಾದ. ಗುರುತಿನವರಿಲ್ಲದ ಪರದೇಶಿಯ ಹಣೆಬರಹ ಒಬ್ಬ ಜಾಮೀನುದಾರನ ಕೈಯಲ್ಲಿ ಎಂಬುದು ಅಂದಿನ ರೂಢಿ. ಬೀದರನ್ನೂ ಆಳಂದದ ಕುದುರೆ ಸಂತೆಯನ್ನೂ ಕಂಡು ಬರೆದಿಟ್ಟ ಈತ, ತನ್ನ ಹಬ್ಬಗಳ ತಿಥಿಯೇ ಮರೆತುಹೋಯಿತೆಂದು ಕೊರಗಿದ. ಊರು ಮುಟ್ಟುವ ಮೊದಲೇ, ಸ್ಮೋಲೆನ್ಸ್ಕ್ ಹತ್ತಿರ, ತೀರಿಕೊಂಡ.

ಯಾರು ವಿದೇಶಿ?

ಸಂಸಾರ ಹೂಡಿದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದೂ ಇಲ್ಲ. ಯೆಮನ್ನಿನ ಹದ್ರಮೌತ್ ಸೀಮೆಯಿಂದ ಬಂದ ಅರಬರು ತಲೆಮಾರುಗಳ ಕಾಲ ಹೈದರಾಬಾದ್ ಸಂಸ್ಥಾನದ ಪಡೆಗಳಲ್ಲಿದ್ದರು. ಬಹಳಷ್ಟು ಮಂದಿ ಇಲ್ಲಿಯೇ ಮದುವೆಯಾಗಿದ್ದರು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನ ಭಾರತದಲ್ಲಿ ಸೇರಿದಾಗ ಸರ್ಕಾರ ಅರಬರನ್ನು ವಿದೇಶಿಯರೆಂದು ಹಿಡಿದಿಟ್ಟು, ಅನೇಕರನ್ನು ಹಡಗು ಹತ್ತಿಸಿತು. ಇಲ್ಲಿಯ ತಾಯಿಗೆ ಇಲ್ಲಿಯೇ ಹುಟ್ಟಿದ ಮಗ ಯಾವ ದೇಶದವನು ಎಂಬ ಪ್ರಶ್ನೆ ಅಧಿಕಾರಿಗಳ ಮುಂದೆ ಬಂತು. ಅಂದು ಹುಮನಾಬಾದ್, ಕಲ್ಯಾಣಿಗಳೂ ಅದೇ ಸಂಸ್ಥಾನದ ಊರುಗಳು. 1956ರ ನವೆಂಬರ್ 1ರಂದು ಅವು ಕನ್ನಡ ನಾಡಿಗೆ ಸೇರಿದವು.

ಬಿಲ್ಹಣನಿಗಾಗಲಿ ನಿಕಿತಿನ್‌ನಿಗಾಗಲಿ ಪಾಸ್‌ಪೋರ್ಟ್ ಬೇಕಿರಲಿಲ್ಲ. ಇಂದು ನಾವು ಕಾಣುವ ಪಾಸ್‌ಪೋರ್ಟ್ ಪದ್ಧತಿ ಗಟ್ಟಿಯಾದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಭಾರತದಲ್ಲಿ 1920ರಲ್ಲಿ ಒಂದು ಕಾಯ್ದೆ ಬಂತು. ವಿದೇಶಕ್ಕೆ ಹೋಗುವುದು ವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದ ಬೆನ್ನಿಗೇ ಹೊಸ ಪಾಸ್‌ಪೋರ್ಟ್ ಕಾಯ್ದೆ ಜಾರಿಯಾಯಿತು. ಹೀಗೆ ದೇಶ ಬಿಟ್ಟು ಹೋಗುವುದು ಹಕ್ಕಾಯಿತು. ಇನ್ನೊಂದು ದೇಶದೊಳಗೆ ಕಾಲಿಡುವುದು ಮಾತ್ರ ಆ ದೇಶದ ಮರ್ಜಿಯಾಗಿಯೇ ಉಳಿಯಿತು.

ಕಫೀಲನ ನೆರಳು

1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕೊಲ್ಲಿ ದೇಶಗಳಲ್ಲಿ ಕಟ್ಟಡ, ರಸ್ತೆ, ಬಂದರುಗಳ ಕೆಲಸ ಭರದಿಂದ ಎದ್ದಿತು. ತೊಗರಿ, ಜೋಳ ಬೆಳೆದು ಮಳೆಯನ್ನೇ ನಂಬಿದ ಬೀದರ್, ಗುಲಬರ್ಗಾ ಸೀಮೆಗಳಿಂದಲೂ ಚಾಲಕರು, ಗೌಂಡಿಗಳು, ಎಲೆಕ್ಟ್ರಿಷಿಯನ್‌ಗಳು ಹೊರಟರು. ಅಲ್ಲಿ ಅವರಿಗೆ ಎದುರಾದದ್ದು ‘ಕಫಾಲಾ’ ಪದ್ಧತಿ. ಕಫೀಲ ಎಂದರೆ ಜಾಮೀನುದಾರ. ಕೆಲಸಗಾರನ ವೀಸಾ, ವಾಸದ ಪರವಾನಗಿಯಾದ ಇಕಾಮಾ, ಕೆಲಸ ಬದಲಿಸುವ ಅನುಮತಿ ಎಲ್ಲವೂ ಅವನ ಕೈಯಲ್ಲಿ. ನಿಕಿತಿನ್‌ನನ್ನು ಕಾಪಾಡಿದ ಜಾಮೀನು ಇಲ್ಲಿ ಕಟ್ಟಿಹಾಕುವ ಹಗ್ಗವೂ ಆಯಿತು. ಕತಾರ್ 2020ರಲ್ಲಿ, ಸೌದಿ ಅರೇಬಿಯಾ 2021ರಲ್ಲಿ ಈ ಗಂಟನ್ನು ಒಂದಿಷ್ಟು ಸಡಿಲಿಸಿದವು.

ಕುಟುಂಬದ ವಿಷಯದಲ್ಲಿ ಅಳತೆಗೋಲು ಸಂಬಳ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ 2019ರ ನಿಯಮದಂತೆ ತಿಂಗಳಿಗೆ 4,000 ದಿರ್ಹಮ್, ಇಲ್ಲವೇ 3,000 ದಿರ್ಹಮ್ ಜೊತೆಗೆ ಮನೆ ಇದ್ದವರು ಕುಟುಂಬವನ್ನು ಕರೆಸಿಕೊಳ್ಳಬಹುದು. ಕುವೈತ್ 2022ರಲ್ಲಿ ನಿಲ್ಲಿಸಿದ್ದ ಕುಟುಂಬ ವೀಸಾವನ್ನು 2024ರ ಜನವರಿಯಲ್ಲಿ ಮತ್ತೆ ಆರಂಭಿಸಿದಾಗ ಇಟ್ಟ ಷರತ್ತು 800 ದಿನಾರ್ ಸಂಬಳ. ಗೌಂಡಿಗೆ, ಲಾರಿ ಚಾಲಕನಿಗೆ ಇದು ಎಟುಕದ ಎತ್ತರ.

ಒಳಗೆ ಬಂದ ಕುಟುಂಬವನ್ನೂ ಲೆಕ್ಕ ಬಿಡುವುದಿಲ್ಲ. ಸೌದಿ ಸರ್ಕಾರ 2017ರ ಜುಲೈನಿಂದ ಪರದೇಶಿ ನೌಕರನ ಪ್ರತಿ ಅವಲಂಬಿತ ವ್ಯಕ್ತಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ ಅದು 400 ರಿಯಾಲ್ ಆಯಿತು. ಹೆಂಡತಿ ಮತ್ತು ಮೂವರು ಮಕ್ಕಳಿದ್ದರೆ ವರ್ಷಕ್ಕೆ 19,200 ರಿಯಾಲ್, ಅದೂ ಇಕಾಮಾ ನವೀಕರಣದ ಹೊತ್ತಿಗೆ ಮುಂಗಡವಾಗಿ. ಹತ್ತಾರು ವರ್ಷ ಅಲ್ಲಿಯೇ ಇದ್ದ ಸಂಸಾರಗಳು ಗಂಟುಮೂಟೆ ಕಟ್ಟಿ ಊರಿಗೆ ಮರಳಿದವು. ಗಂಡಸರು ಮತ್ತೆ ಹಂಚಿಕೆಯ ಕೋಣೆ ಸೇರಿದರು. ಅರಬ್ಬಿ ನಾಡಿನ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಕನ್ನಡ ಹೊಸದಾಗಿ ಕಲಿಯುವ ಪಾಠವಾಯಿತು.

ಕುಟುಂಬವಿಲ್ಲದ ಗಂಡಸರ ವಾಸ ಹೇಗಿರುತ್ತದೆಂಬುದನ್ನು 2024ರ ಜೂನ್ 12ರಂದು ಕುವೈತಿನ ಮಂಗಾಫ್ ಅಗ್ನಿ ದುರಂತ ತೋರಿಸಿತು. 190ಕ್ಕೂ ಹೆಚ್ಚು ಕಾರ್ಮಿಕರು ಒಂದೇ ಕಟ್ಟಡದಲ್ಲಿದ್ದರು. ಸುಮಾರು 50 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಭಾರತೀಯರು. ನಿಕಿತಿನ್ ಕುದುರೆ ಸಂತೆ ಕಂಡ ಅದೇ ಆಳಂದದ ತಾಲ್ಲೂಕಿನವರೊಬ್ಬರೂ ಅವರಲ್ಲಿದ್ದರು.

‘ಅವಲಂಬಿತೆ’ಯ ಪಾಡು

ಪಶ್ಚಿಮದ ದೇಶಗಳ ಕಟ್ಟಳೆ ಬೇರೆ. ಅಮೆರಿಕದಲ್ಲಿ 1990ರ ಕಾಯ್ದೆಯಿಂದ ಹುಟ್ಟಿದ ಎಚ್-1ಬಿ ವೀಸಾ ಪಡೆದವರು ಹೆಂಡತಿ ಅಥವಾ ಗಂಡನನ್ನೂ ಮಕ್ಕಳನ್ನೂ ಎಚ್-4 ವೀಸಾದಲ್ಲಿ ಕರೆದೊಯ್ಯಬಹುದು. ಬಾಗಿಲು ತೆರೆದಿದೆ, ಆದರೆ ಒಳಗೆ ಬಂದವಳು ದುಡಿಯುವಂತಿರಲಿಲ್ಲ. ಎಂಜಿನಿಯರ್, ಡಾಕ್ಟರ್ ಓದಿದ ಹೆಣ್ಣುಮಕ್ಕಳು ವರ್ಷಗಟ್ಟಲೆ ಅಡುಗೆಮನೆಯಲ್ಲಿ ಕುಳಿತರು. 2015ರ ಮೇ ತಿಂಗಳಿಂದ ಅವರಲ್ಲಿ ಒಂದು ವರ್ಗಕ್ಕೆ, ಅಂದರೆ ಸಂಗಾತಿಯ ಕಾಯಂ ವಾಸದ ಅರ್ಜಿ ಒಂದು ಹಂತ ದಾಟಿದವರಿಗೆ, ದುಡಿಯುವ ಅನುಮತಿ ಸಿಕ್ಕಿತು. ಮಕ್ಕಳಿಗೆ 21 ತುಂಬಿದರೆ ಎಚ್-4 ಮುಗಿಯುತ್ತದೆ. ಕಾಯಂ ವಾಸದ ಸರದಿಯಲ್ಲಿ ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ ಇರುವುದರಿಂದ ಭಾರತೀಯರು ದಶಕಗಳ ಕಾಲ ಕಾಯಬೇಕು. ಅಷ್ಟರೊಳಗೆ ಮಗು ದೊಡ್ಡದಾಗಿ ಬೇರೆ ವೀಸಾ ಹುಡುಕುವ ಪಾಡು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗ ಈ ದಾರಿ ಇನ್ನೂ ಇಕ್ಕಟ್ಟಾಯಿತು.

ಬ್ರಿಟನ್ನಿನಲ್ಲಿ ವೃದ್ಧರ ಆರೈಕೆಗೆಂದು ಕರೆಸಿಕೊಳ್ಳುತ್ತಿದ್ದ ಕೆಲಸಗಾರರು ಕುಟುಂಬವನ್ನು ತರುವಂತಿಲ್ಲ ಎಂಬ ನಿಯಮ 2024ರ ಮಾರ್ಚ್ 11ರಂದು ಜಾರಿಗೆ ಬಂತು. ಅವರ ಹೆತ್ತವರನ್ನು ನೋಡಿಕೊಳ್ಳಲು ನಮ್ಮವರು ಬೇಕು, ನಮ್ಮವರ ಮಕ್ಕಳು ಬೇಡ ಎಂಬಂತಾಯಿತು. ಬೇರೂರಲು ಅವಕಾಶ ಸಿಕ್ಕರೆ ಏನಾಗಬಹುದು ಎಂಬುದಕ್ಕೂ ಅದೇ ದೇಶದಲ್ಲಿ ಉದಾಹರಣೆ ಇದೆ. ಹುಮನಾಬಾದಿನಿಂದ ಕಲಬುರಗಿಗೆ ಹೋಗುವ ದಾರಿಯ ಕಮಲಾಪುರದವರಾದ ವೈದ್ಯ ನೀರಜ್ ಪಾಟೀಲ್ 2010ರಲ್ಲಿ ಲಂಡನ್ನಿನ ಲ್ಯಾಂಬೆತ್ ಪ್ರದೇಶದ ಮೇಯರ್ ಆದರು. ಅವರ ಮುಂದಾಳುತನದಲ್ಲಿ ಥೇಮ್ಸ್ ದಂಡೆಯಲ್ಲಿ ನಿಂತ ಬಸವೇಶ್ವರರ ಪ್ರತಿಮೆ 2015ರ ನವೆಂಬರ್ 14ರಂದು ಅನಾವರಣಗೊಂಡಿತು.

ಹೊರಡುವ ಮೊದಲು

ಈ ಭಾಗದಲ್ಲಿ ಹೊರಡುವವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’ ಎಂಬ ಮುದ್ರೆ ಇರುತ್ತದೆ. 1983ರ ವಲಸೆ ಕಾಯ್ದೆಯ ಪ್ರಕಾರ ಅಂಥವರು ಕೊಲ್ಲಿ ದೇಶಗಳೂ ಸೇರಿದಂತೆ ಗುರುತಿಸಿದ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಪಡೆಯಬೇಕು. ಇದನ್ನು ತೊಡಕೆಂದು ತಿಳಿದು ಭೇಟಿಯ ವೀಸಾದಲ್ಲಿ ಕಳುಹಿಸುವ ಏಜೆಂಟರಿದ್ದಾರೆ. ಆದರೆ ಕರಾರುಪತ್ರವನ್ನು ಪರಿಶೀಲಿಸುವುದು ಈ ಅನುಮತಿಯ ಹಂತದಲ್ಲೇ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ಕೊಡುವ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದರ ಜೊತೆಗೇ ಬರುತ್ತದೆ. ಈ ದಾರಿ ತಪ್ಪಿಸಿದವನಿಗೆ ಎರಡೂ ಇಲ್ಲ.

2024ರ ಆರಂಭದಲ್ಲಿ ಬೆಳಕಿಗೆ ಬಂದ ಪ್ರಕರಣ ಕಣ್ಣು ತೆರೆಸುವಂಥದ್ದು. ಕಲಬುರಗಿ ಜಿಲ್ಲೆಯ ಮೂವರು ಯುವಕರು ಬೇರೆ ಕೆಲಸದ ಭರವಸೆ ನಂಬಿ ಏಜೆಂಟರ ಮೂಲಕ ರಷ್ಯಾಕ್ಕೆ ಹೋಗಿ, ಉಕ್ರೇನ್ ಯುದ್ಧದ ಗಡಿ ಸೇರಿದ್ದರು. ಅವರು ಮನೆ ಮುಟ್ಟಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ.

ಕುಟುಂಬದೊಂದಿಗೆ ಹೋಗುವವರಿಗೆ ಕಾಗದಪತ್ರಗಳೇ ದೊಡ್ಡ ಪರೀಕ್ಷೆ. ಮದುವೆಗೆ ಊರೆಲ್ಲ ಸಾಕ್ಷಿಯಿದ್ದರೂ ವಿದೇಶಿ ಕಚೇರಿಗೆ ಬೇಕಾದದ್ದು ನೋಂದಣಿಯ ಪ್ರಮಾಣಪತ್ರ ಮತ್ತು ಅದಕ್ಕೆ ವಿದೇಶಾಂಗ ಇಲಾಖೆಯ ದೃಢೀಕರಣ. ಹೆಂಡತಿಯ ತವರಿನ ಹೆಸರು ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಎಂದಾದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳ ಪಾಸ್‌ಪೋರ್ಟಿಗೆ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರ ಮಾತ್ರ ನಡೆಯುತ್ತದೆ. ಹಳ್ಳಿಯಲ್ಲಿ ಹೆರಿಗೆಯಾದರೂ ಕೂಡಲೇ ನೋಂದಾಯಿಸುವುದು ಲೇಸು.

ಕಾಗದ ಸರಿಪಡಿಸಿದರೂ ಕಾನೂನಿನ ಅಂತರ ಉಳಿದೇ ಇರುತ್ತದೆ. ವಲಸೆ ಕಾರ್ಮಿಕರ ಮತ್ತು ಅವರ ಕುಟುಂಬಗಳ ಹಕ್ಕುಗಳ ರಕ್ಷಣೆಗೆಂದು ವಿಶ್ವಸಂಸ್ಥೆ 1990ರ ಡಿಸೆಂಬರ್ 18ರಂದು ಒಪ್ಪಂದವೊಂದನ್ನು ಅಂಗೀಕರಿಸಿತು. ಕುಟುಂಬ ಒಂದಾಗಿರಲು ಸರ್ಕಾರಗಳು ನೆರವಾಗಬೇಕೆಂದು ಅದರ 44ನೇ ವಿಧಿ ಹೇಳುತ್ತದೆ. 2003ರಲ್ಲಿ ಒಪ್ಪಂದ ಜಾರಿಗೆ ಬಂದಿತಾದರೂ ಸಹಿ ಹಾಕಿದವು ಹೆಚ್ಚಾಗಿ ಕಾರ್ಮಿಕರನ್ನು ಕಳುಹಿಸುವ ದೇಶಗಳು. ಕರೆಸಿಕೊಳ್ಳುವ ಕೊಲ್ಲಿ ದೇಶಗಳಾಗಲಿ, ಅಮೆರಿಕ, ಬ್ರಿಟನ್ನುಗಳಾಗಲಿ ಮುಂದೆ ಬರಲಿಲ್ಲ. ಇಷ್ಟೊಂದು ಮಂದಿಯನ್ನು ಕಳುಹಿಸುವ ಭಾರತವೂ ಒಪ್ಪಿಗೆಯ ಮುದ್ರೆ ಒತ್ತಿಲ್ಲ. ಅಲ್ಲಿಯವರೆಗೆ ಮೋಳಿಗೆ ಮಾರಯ್ಯನಂತೆ ಮಡದಿಯೊಡನೆ ಬೇರೊಂದು ನಾಡನ್ನು ತನ್ನದಾಗಿಸಿಕೊಳ್ಳುವ ಭಾಗ್ಯ ಸಂಬಳದ ಚೀಟಿ ದೊಡ್ಡದಿದ್ದವರಿಗೆ ಮಾತ್ರ. ಉಳಿದವರ ಸಂಸಾರ ಹುಮನಾಬಾದಿನಲ್ಲಿ, ದುಡಿಮೆ ರಿಯಾದಿನಲ್ಲಿ, ಮಾತುಕತೆ ರಾತ್ರಿಯ ಫೋನಿನಲ್ಲಿ.